ಬದುವಿನ ಚೆಂಚಲಿ

ನನಗೆ ಓದುವ ಚಟ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದದೆ ಎಸೆದವಳಲ್ಲ. ಹಾಗಾಗಿ ಕಳೆನಾಶಕದ ಡಬ್ಬಿಯ ಜೊತೆ ಮಡಚಿ ಇಟ್ಟಿರುವ ಕಾಗದವನ್ನು ಓದಬೇಡ ಎಂದರೆ ನನ್ನಿಂದಾಗುವುದಿಲ್ಲ. ಹತ್ತಾರು ಭಾಷೆಗಳಲ್ಲಿ ಅಚ್ಚಾದ ಕಾಗದ ಅದು. ಪೂರ್ತಿ ಬಿಚ್ಚಿದರೆ ಊಟಕ್ಕೆ ಕೂರುವ ಚಾಪೆಯಷ್ಟಾಗುತ್ತದೆ, ಅದರಲ್ಲಿ ಕನ್ನಡ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಭಾಲ್ಕಿಯಲ್ಲಿ ನಾನು ಬೀಜ ಗೊಬ್ಬರ ಕೊಳ್ಳುವ ಅಂಗಡಿಯವನಿಗೆ ನನ್ನ ಈ ಚಟ ಕಂಡರೆ ಆಗದು. ಗಿರಾಕಿಗಳ ಗದ್ದಲದ ನಡುವೆ ನಾನು ಕನ್ನಡಕ ಹಾಕಿಕೊಂಡು ನಿಂತರೆ ಅವನು ಕೈ ಮುಗಿಯುತ್ತಾನೆ.

“ಅಕ್ಕೋರೆ, ಎಣ್ಣಿ ಇರೂದು ಹೊಡಿಲಾಕ್ರಿ. ಓದಬೇಕಂದ್ರ ಪೇಪರ್ ತರಸ್ತೇನಿ, ಆ ಕಡಿ ಕೂತು ಓದ್ರಿ.”

ಹುಳಕ್ಕೆ ಹೊಡೆಯುವುದಿರಲಿ, ಕಳೆಗೆ ಹೊಡೆಯುವುದಿರಲಿ, ನಮ್ಮ ಕಡೆ ಎಲ್ಲಕ್ಕೂ ಎಣ್ಣಿ ಎಂದೇ ಹೆಸರು.

ನಮ್ಮ ಮನೆ ಬೀದರಿನ ಮೈಲೂರಿನಲ್ಲಿ, ಹೊಲ ಹಲಬರ್ಗಾದಲ್ಲಿ. ಮನೆಯವರು ನೌಕರಿಯವರು. ಅವರಿಗೆ ಹೊಲ ನೆನಪಾಗುವುದು ರವಿವಾರ ಊಟವಾದ ಮೇಲೆ, ಅದೂ ನಿದ್ದೆ ಹತ್ತುವ ತನಕ. ಹೀಗಾಗಿ ಹೊಲ ನನ್ನ ಕೊರಳಿಗೆ ಬಿತ್ತು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಹೋಗಿಬರುವುದು ಸಸಾರ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರು ಗಂಡಸರು. ಒಂಟಿಗಾಲಲ್ಲಿ ನಿಂತು, ಇನ್ನೊಬ್ಬರ ಬುಟ್ಟಿಯನ್ನು ಹೊಟ್ಟೆಗೆ ಒತ್ತಿಸಿಕೊಂಡು ಹೋಗುವ ನನಗೆ ಗೊತ್ತು ಅದು ಎಷ್ಟು ಸಸಾರ ಎಂದು. ಹೊಲಕ್ಕೆ ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ, ಉಳಿದ ಅರ್ಧದಲ್ಲಿ ದುಡಿಯಬೇಕು.

ಸೋಯಾ ಬಿತ್ತಿದ್ದೆ. ಮಳೆ ಬಿಡದೆ ಹಿಡಿದಿತ್ತು, ಕಳೆ ತೆಗೆಯಲು ಆಳು ಸಿಗಲಿಲ್ಲ. ಎಣ್ಣಿ ಹೊಡೆಸದೆ ಗತಿಯಿರಲಿಲ್ಲ. ಹೊಡೆಸುವುದಾದರೆ ಕಾಗದದಲ್ಲಿ ಇದ್ದ ಹಾಗೆಯೇ ಹೊಡೆಸಬೇಕು ಎಂಬುದು ನನ್ನ ಹಟ. ನಮ್ಮ ಕಡೆ ಸೋಯಾದ ನಡುವೆ ತೊಗರಿಯ ಸಾಲು ಇಡುವುದು ತಲೆತಲಾಂತರದ ರೂಢಿ. ಕಾಗದದಲ್ಲಿ ಸೋಯಾ ಎಂದು ಮಾತ್ರ ಇತ್ತು, ತೊಗರಿಯ ಹೆಸರೇ ಇರಲಿಲ್ಲ. ಈ ಎಣ್ಣಿಯನ್ನೇ ಹೊಡೆಸಬೇಕಾದೀತು ಎಂದು ಬಿತ್ತುವಾಗಲೇ ತೊಗರಿ ಸಾಲು ಇಡದೆ ಬಿಟ್ಟಿದ್ದೆ. “ಎಲ್ಲಾರೂ ಹೊಡೀತಾರ, ಯಾರ ತೊಗರಿ ಸತ್ತದ?” ಎಂದು ಮನೆಯವರು ಒಂದು ತಿಂಗಳು ಗೊಣಗಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥ ಸಂಸಾರ ನಮ್ಮದು, ಇದೇನು ಹೊಸದಲ್ಲ.

ಗಾಳಿ ಬೀಸುವಾಗ ಹೊಡೆಯಬಾರದು ಎಂದು ಕಾಗದ ಹೇಳುತ್ತದೆ. ಆಷಾಢದಲ್ಲಿ ನಮ್ಮ ಬಯಲಿನಲ್ಲಿ ಗಾಳಿ ಬೀಸದ ಹೊತ್ತು ಯಾವುದು ಎಂದು ಮಾತ್ರ ಹೇಳುವುದಿಲ್ಲ. ಮೊದಲ ಬಸ್ಸಿಗೆ ಹೋಗಿ, ಎಣ್ಣಿ ಹೊಡೆಯುವ ಪಂಪಿನವನನ್ನು ಬದುವಿನ ಮೇಲೆ ಕೂಡಿಸಿ, ಸೀರೆಯ ಸೆರಗು ಹಾರುವುದನ್ನು ನೋಡಿ ವಾಪಸು ಬಂದೆ. ಮರುದಿನವೂ ಅದೇ ಕಥೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡಳು ಎಂದು ಊರು ನಕ್ಕಿತು. ನನಗೂ ಸಾಕಾಗಿತ್ತು. ಮತ್ತೊಂದು ಬೆಳಿಗ್ಗೆ ಗಾಳಿ ತುಸು ನಿಂತಿತು, ಹೊಡೆಸಿದೆ.

ಪಂಪಿನವ ಊರಿನವನೇ. ಬೆನ್ನಿಗೆ ಪಂಪು ಹಾಕಿಕೊಂಡು ಮಳೆಗಾಲವಿಡೀ ಹೊಲದಿಂದ ಹೊಲಕ್ಕೆ ತಿರುಗುವವ. ಕೆಟ್ಟವನಲ್ಲ, ಹೇಳಿದ ಮಾತು ಕೇಳುವವ. ಕಳೆಗೆ ಹೊಡೆಯುವ ನಾಜಲ್ ಬೇರೆ, ಹುಳಕ್ಕೆ ಹೊಡೆಯುವುದು ಬೇರೆ ಎಂದೆ, ಬದಲಿಸಿದ. ಕೈಗವಸು ಕೊಟ್ಟೆ; ಹಾಕಿಕೊಂಡ, ನಾನು ಆ ಕಡೆ ಮುಖ ಮಾಡಿದಾಗ ತೆಗೆದು ಕಿಸೆಗೆ ಇಟ್ಟುಕೊಂಡ, ಈ ಕಡೆ ತಿರುಗಿದಾಗ ಮತ್ತೆ ಹಾಕಿಕೊಂಡ. ಕೊನೆಗೆ ನಾನು ಬಸ್ಸಿಗೆ ಹೊರಡುವಾಗ ಒಂದು ಮಾತು ಮೂರು ಸಲ ಹೇಳಿದೆ. ಪಂಪಿನಲ್ಲಿ ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಬೇಡ, ಬಾವಿಯ ಹತ್ತಿರ ತೊಳೆಯಬೇಡ, ಕಾಗದದಲ್ಲಿ ಬರೆದಿದ್ದಾರೆ.

“ಒಂದ ಹನಿ ಚೆಲ್ಲೂದಿಲ್ರಿ ಅಕ್ಕೋರೆ, ನೀವು ನಿಶ್ಚಿಂತಿ ಹೋಗ್ರಿ,” ಎಂದ.

ಹೊಲಕ್ಕೆ ಯಾರೂ ಕಾಲಿಡದಂತೆ ನಾಲ್ಕೂ ಮೂಲೆಗೆ ನನ್ನ ಹಳೆಯ ಕೆಂಪು ಸೀರೆ ಹರಿದು ಕಟ್ಟಿದ್ದೆ. ಮರುದಿನ ನೋಡಲು ಹೋದಾಗ ದಾರಿಯಲ್ಲಿ ಇಬ್ಬರು, ಯಾವ ದೇವರಿಗೆ ಹರಕೆ ಎಂದು ಕೇಳಿದರು.

ಇಲ್ಲಿ ಒಂದು ಮಾತು ಹೇಳಬೇಕು. ಕಳೆ ತೆಗೆಯಲು ಬಂದ ಹೆಂಗಸರು ಸಂಜೆ ಮನೆಗೆ ಹೋಗುವಾಗ ಉಡಿ ತುಂಬ ಪಲ್ಯ ಕಿತ್ತುಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಚೆಂಚಲಿ, ಗೋಳಿ, ಕಿರಕಸಾಲಿ ಇವೆಲ್ಲ ಹೊಲದ ಒಡೆಯನಿಗೆ ಕಳೆ, ಉಳಿದವರಿಗೆ ಪಲ್ಯ. ಬಿತ್ತದೆ ಬೆಳೆದದ್ದಕ್ಕೆ ಒಡೆಯನಿಲ್ಲ, ಹಾಗಾಗಿ ಯಾರೂ ಯಾರನ್ನೂ ಕೇಳುವುದಿಲ್ಲ. ಬೇಡ ಎಂದವರನ್ನು ಜಿಪುಣರು ಎನ್ನುವುದಿಲ್ಲ, ಅದಕ್ಕಿಂತ ಕೆಟ್ಟ ಮಾತಿನಲ್ಲಿ ಕರೆಯುತ್ತಾರೆ. ಕಾಗದ ಸೋಯಾ ಬಗ್ಗೆ ಎಲ್ಲ ಹೇಳುತ್ತದೆ, ಎಷ್ಟು ಎಲೆ ಇದ್ದಾಗ ಹೊಡೆಯಬೇಕು, ಹೊಡೆದ ಮೇಲೆ ರಾಶಿಗೆ ಎಷ್ಟು ದಿನ ಕಾಯಬೇಕು. ಕಳೆಗಳ ಬಗ್ಗೆ ಅದರಲ್ಲಿ ಇರುವುದು ಒಂದೇ ಮಾತು, ಅವು ಸಾಯುತ್ತವೆ. ಸಾಯುವುದನ್ನು ಯಾರಾದರೂ ಬಳ್ಳೊಳ್ಳಿ ಒಗ್ಗರಣೆ ಹಾಕಿ ರೊಟ್ಟಿಯ ಜೊತೆ ತಿನ್ನುತ್ತಾರೆ ಎಂದು ಬರೆದವರಿಗೆ ಹೊಳೆದೇ ಇಲ್ಲ. ಅದೂ ಹೊಡೆದ ಕೂಡಲೇ ಸಾಯುವುದಿಲ್ಲ. ಮೊದಲ ಒಂದೆರಡು ದಿನ ಎಳೆಯದಾಗಿ, ಹಸಿರಾಗಿ, ಕಿತ್ತು ಉಡಿಗೆ ಹಾಕಿಕೋ ಎನ್ನುವ ಹಾಗೆಯೇ ನಿಂತಿರುತ್ತದೆ.

ಅವತ್ತು ಹೊಲದಲ್ಲಿ ಗೆಳತಿ ಸಿಕ್ಕಳು. ನಮ್ಮ ಹೊಲಕ್ಕೆ ಹತ್ತಿದ ಹೊಲ ಅವಳದು, ನಡುವೆ ಅವಳ ಬದು. ಬದುವಿನ ಆ ತುದಿಗೆ ಅವಳ ಮನೆ. ಮನೆಯಲ್ಲಿ ದಖ್ಖನಿ ಮಾತಾಡುತ್ತಾರೆ, ನನ್ನ ಜೊತೆ ಅವಳದು ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹೊಲದ ಕೆಲಸ ಕಲಿಸಿದವಳೇ ಅವಳು. ನನ್ನ ಬುತ್ತಿ ಅವಳು ಬಿಚ್ಚುತ್ತಾಳೆ, ಅವಳ ಮನೆಯ ನೀರು ನಾನು ಕೇಳದೆ ಕುಡಿಯುತ್ತೇನೆ. ನನ್ನನ್ನು ಖಾಲಾ, ಅಂದರೆ ದೊಡ್ಡಮ್ಮ, ಎಂದು ಕರೆಯುವ ಅವಳ ಮಗಳು ಚೊಚ್ಚಲು ಬಾಣಂತನಕ್ಕೆ ಜಹೀರಾಬಾದಿನ ಗಂಡನ ಮನೆಯಿಂದ ಬಂದಿದ್ದಳು.

“ಹುಡುಗಿಗೆ ಚೆಂಚಲಿ ಬಯಕಿ ಆಗ್ಯಾದ ಅಕ್ಕಾ,” ಎನ್ನುತ್ತಾ ಗೆಳತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಹೊಲಕ್ಕೆ ಇಳಿಯಲು ಬಂದಳು. “ನಿನ್ನ ಹೊಲದಾಗ ಭಾಳ ಅದ. ಒಂದೀಟು ಕಿತ್ಕೊಂಡು ಹೋಗ್ತೇನಿ.”

ನಾನು ಅಡ್ಡ ನಿಂತೆ. “ಬ್ಯಾಡ. ನಿನ್ನೆ ಎಣ್ಣಿ ಹೊಡಸೇನಿ.”

“ಹೊಡಸಿದ್ರ ಏನಾಯ್ತು? ತೊಳದು ಕುದಸ್ತೇನಿ.”

“ತೊಳದ್ರೂ ಬ್ಯಾಡ, ಕುದಸಿದ್ರೂ ಬ್ಯಾಡ. ಬಸುರಿ ಹುಡುಗಿ ಅಕಿ.”

“ಡಬ್ಬಿ ಮ್ಯಾಲ ನೀಲಿ ನಿಶಾನಿ ಅದ, ಕೆಂಪಲ್ಲ. ನೀನೇ ತೋರಿಸಿದ್ದಿ ನನಗ.”

“ನೀಲಿ ಅಂದ್ರ ಕೆಂಪಿಗಿಂತ ವಿಷ ಕಡಿಮಿ ಅಂತ ಅಷ್ಟ, ತಿನಬಹುದು ಅಂತ ಅಲ್ಲ. ನಾ ನಾಳಿ ಔರಾದಕ್ಕ ಹೋಗ್ತೇನಿ, ನಮ್ಮಣ್ಣನ ಹೊಲದಾಗಿಂದ ತಂದು ಕೊಡ್ತೇನಿ. ಒಂದೆರಡು ದಿನ ತಡಿ.”

ಅವಳ ಮುಖ ಸಣ್ಣದಾಯಿತು. ಬಸುರಿಯ ಬಯಕೆಗೆ ಇಲ್ಲ ಎನ್ನುವುದು ಎಂಥ ಮಾತು ಎಂದು ನನಗೇನು ಗೊತ್ತಿರಲಿಲ್ಲವೇ? “ಕಳೆ ಕೇಳಿದೆ ಅಕ್ಕಾ, ಬಂಗಾರ ಕೇಳಲಿಲ್ಲ. ನಕ್ಕೋ, ಬ್ಯಾಡ ಬಿಡು, ನಿನ್ನ ಹೊಲಕ್ಕ ನಾ ಕಾಲಿಡೂದಿಲ್ಲ,” ಎಂದು ಬದು ಹತ್ತಿ ಹೋದಳು. ಕರೆದರೂ ತಿರುಗಿ ನೋಡಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಒಳ್ಳೆಯದಕ್ಕೆ ಹೇಳಿ ಕೆಟ್ಟವಳಾದೆ.

ಔರಾದ ನನ್ನ ತವರು. ಮರುದಿನ ಮನೆಯವರಿಗೆ ಅಣ್ಣನನ್ನು ನೋಡಿ ಬರುತ್ತೇನೆ ಎಂದು ಹೇಳಿ ಹೊರಟೆ. ಚೆಂಚಲಿ ತರಲು ಹೋಗುತ್ತಿದ್ದೇನೆ ಎಂದಿದ್ದರೆ ಡಾಕ್ಟರಿಗೆ ತೋರಿಸುತ್ತಿದ್ದರು. ಅಣ್ಣ ನನ್ನನ್ನು ನೋಡಿ ಸಂತೋಷಪಟ್ಟ, ಕೇಳಿದ್ದನ್ನು ಕೇಳಿ ನಕ್ಕ.

“ನಂದೂ ಹೊಡದಾಯ್ತವ್ವ. ಕಮಲನಗರದ ಅಂಗಡ್ಯಾಗಿಂದ ತಂದಿದ್ದೆ. ಎಲ್ಲಾ ಮರಾಠಿಯೊಳಗ ಹೇಳಿದ್ರು, ತಿಳದಷ್ಟು ತಿಳಕೊಂಡು ಹೊಡದ್ಬಿಟ್ಟೆ.”

ಆಚೆಯ ಹೊಲದವರೂ ಹೊಡೆದಿದ್ದರು, ಈಚೆಯವರೂ ಹೊಡೆದಿದ್ದರು. ಚಿಕ್ಕಂದಿನಲ್ಲಿ ಕಾಲಿಗೆ ತೊಡಕುತ್ತಿದ್ದ ಸೊಪ್ಪನ್ನು ಹುಡುಕಿಕೊಂಡು ನಾನು, ಅಣ್ಣನ ಹೆಂಡತಿ ವೈನಿ ಇಬ್ಬರೂ ಊರ ಹೊರಗೆಲ್ಲ ತಿರುಗಿದೆವು. ನಿಮ್ಮಲ್ಲಿ ಕಳೆ ಇದೆಯೇನ್ರಿ ಎಂದು ಮಂದಿಯನ್ನು ಕೇಳುವುದು ಎಂಥ ಪಜೀತಿ ಎಂದು ಕೇಳಿದವರಿಗೇ ಗೊತ್ತು. ಒಬ್ಬ ಮುದುಕ, ನಮ್ಮ ಹೊಲದ ಹೆಸರು ಕೆಡಿಸಲು ಬಂದಿದ್ದಾರೆ ಎಂದುಕೊಂಡು ರೇಗಿದ. ಕೊನೆಗೆ ವೈನಿಗೆ ನೆನಪಾಯಿತು. ಅಣ್ಣತಮ್ಮಂದಿರ ಜಗಳದಲ್ಲಿ ಕೋರ್ಟಿಗೆ ಬಿದ್ದ ಒಂದು ಹೊಲವಿತ್ತು. ಬಿತ್ತುವವರಿಲ್ಲ, ಹರಗುವವರಿಲ್ಲ, ಎಣ್ಣಿ ಹೊಡೆಯುವವರು ಮೊದಲೇ ಇಲ್ಲ. ಅಲ್ಲಿ ಚೆಂಚಲಿ ಮೊಳಕಾಲೆತ್ತರ ಬೆಳೆದು ನಿಂತಿತ್ತು. ಔರಾದದ ಸುತ್ತಮುತ್ತ ನಂಬಿ ತಿನ್ನಬಹುದಾದ ಸೊಪ್ಪು ಜಗಳದ ಹೊಲದಲ್ಲಿ ಮಾತ್ರ ಸಿಕ್ಕಿತು. ಮರುದಿನ ಬೆಳಿಗ್ಗೆ ಎಳೆಯ ಕುಡಿಗಳನ್ನೇ ಆರಿಸಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಭಾಲ್ಕಿ ಬಸ್ಸು ಹತ್ತಿದೆ. ಭಾಲ್ಕಿಯಲ್ಲಿ ಇಳಿದು ಹಲಬರ್ಗಾದ ಬಸ್ಸು ಹಿಡಿದೆ. ಎರಡರಲ್ಲೂ ಕೂರಲು ಜಾಗ ಸಿಗಲಿಲ್ಲ. ಸೊಂಟ ಬಿದ್ದುಹೋಗುತ್ತಿತ್ತು, ಆದರೆ ಮನಸ್ಸು ಹಗುರಾಗಿತ್ತು. ಇದನ್ನು ಕೊಟ್ಟರೆ ಅವಳು ಬೈಯುತ್ತಾಳೆ, ಬೈದ ಮೇಲೆ ಮಾತಾಡುತ್ತಾಳೆ.

ಬಸ್ಸು ಇಳಿದ ಕಡೆಯೇ ಚಹಾದ ಅಂಗಡಿ. ಪಂಪಿನವ ಅಲ್ಲಿ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ.

“ನೀವು ಹೇಳಿದಂಗ ಮಾಡೇನ್ರಿ ಅಕ್ಕೋರೆ. ಅವತ್ತು ನಿಮ್ಮ ಹೊಲ ಮುಗದು ಪಂಪಿನಾಗ ಇನ್ನಾ ಉಳದಿತ್ರಿ. ಹಳ್ಳಕ್ಕ ಒಂದ ಹನಿ ಚೆಲ್ಲಿಲ್ಲ.”

“ಮತ್ತ ಏನ ಮಾಡ್ದಿ?”

“ಹಾಳ್ಯಾಕ ಮಾಡೂದಂತ ಬಾಜೂ ಹೊಲದವರ ಬದುವಿಗೆ ಹೊಡದೆ ನೋಡ್ರಿ. ಪಾಪ, ಭಾಳ ಕಳೆ ಬೆಳದಿತ್ತು ಅವರ ಬದುವಿನ ಮ್ಯಾಲ. ಅವರಿಗೆ ಹೇಳಲಾಕ ಹೋಗಲಿಲ್ಲ, ಉಪಕಾರ ಮಾಡಿ ಸಾರಿದಂಗ ಆಗ್ತದಂತ.”

ಕಾಗದ ಹೇಳಿದ್ದನ್ನು ನಾನು ಅವನಿಗೆ ಹೇಳಿದ್ದೆ, ನಾನು ಹೇಳಿದ್ದನ್ನು ಅವನು ಅಕ್ಷರಶಃ ನಡೆಸಿದ್ದ. ಸಿಟ್ಟಿನಲ್ಲಿ ಹೋದ ಗೆಳತಿ ನನ್ನ ಹೊಲಕ್ಕೆ ಕಾಲಿಟ್ಟಿರುವುದಿಲ್ಲ, ಅಷ್ಟು ಅಭಿಮಾನ ಅವಳಿಗೆ ಇದೆ. ಹಾಗಾದರೆ ಅವಳು ಎಲ್ಲಿ ಕಿತ್ತಿರುತ್ತಾಳೆ? ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ಊರಿನವರೆಲ್ಲ ನೋಡಿದರು. ಬದುವಿನ ಮೇಲೆ ಹೋಗುವಾಗಲೇ ಕಂಡಿತು. ಚೆಂಚಲಿಯ ಎಲೆಗಳ ಅಂಚು ಸುಟ್ಟಂತೆ ಬಾಡಲು ಹತ್ತಿತ್ತು. ನಡುನಡುವೆ ಕುಡಿ ಚಿವುಟಿದ ದಂಟುಗಳು ನಿಂತಿದ್ದವು.

ಹುಡುಗಿ ತಾಟು ಮುಂದಿಟ್ಟುಕೊಂಡು ಕುಳಿತಿದ್ದಳು. ರೊಟ್ಟಿ, ಬೇಳೆ ಹಾಕಿದ ಚೆಂಚಲಿ, ಒಂದು ಕಡೆ ಶೇಂಗಾ ಹಿಂಡಿ. ನನ್ನನ್ನು ನೋಡಿ ಅವಳ ಮುಖ ಅರಳಿತು. “ಬರ್ರಿ ಖಾಲಾ,” ಎಂದಳು. ನಾನು ಅವಳ ಮುಂದಿನ ತಾಟು ಕಿತ್ತುಕೊಂಡೆ. ಬಸುರಿಯ ಮುಂದಿನ ತಾಟು. ಪಲ್ಯ ನೆಲಕ್ಕೆ ಚೆಲ್ಲಿತು.

ಒಲೆಯ ಹತ್ತಿರವಿದ್ದ ಗೆಳತಿ ಎದ್ದು ಬಂದಳು. ಅವಳನ್ನು ಅಷ್ಟು ಸಿಟ್ಟಿನಲ್ಲಿ ನಾನು ಎಂದೂ ನೋಡಿರಲಿಲ್ಲ.

“ಯಾ ಅಲ್ಲಾ! ಇದು ನಿನ್ನ ಹೊಲದ್ದಲ್ಲ ಅಕ್ಕಾ, ನನ್ನ ಬದುವಿಂದು! ಇದಕ್ಕೂ ನಿನ್ನ ಕಾನೂನ ಬಂತೇನು?”

ಹೇಳಿದೆ. ಪಂಪಿನವ ಹೇಳಿದ್ದನ್ನೆಲ್ಲ ಹೇಳಿದೆ. ಅವಳ ಸಿಟ್ಟು ಒಮ್ಮೆಲೇ ಇಳಿಯಿತು, ಇಳಿದದ್ದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಅವಳು ಮಗಳ ಕಡೆ ನೋಡದೆ ಹೇಳಿದಳು, “ನಿನ್ನಿನೂ ತಿಂದಾಳ. ಎರಡ ಹೊತ್ತು.”

ಆಟೋ ಹಿಡಿದು ಭಾಲ್ಕಿಗೆ ಹೋದೆವು. ಹುಡುಗಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಾ ಕುಳಿತಿದ್ದಳು. ಚೀಲದಲ್ಲೇ ಮಡಚಿಟ್ಟುಕೊಂಡಿದ್ದ ಎಣ್ಣಿಯ ಕಾಗದವನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಅವರು ನಿಧಾನವಾಗಿ ಓದಿದರು, ಎಷ್ಟು ತಿಂದಳು, ತೊಳೆದಿದ್ದಿರಾ, ಎಷ್ಟು ಹೊತ್ತು ಕುದಿಸಿದ್ದಿರಿ ಎಂದು ಕೇಳಿದರು, ಹುಡುಗಿಯನ್ನು ಮಲಗಿಸಿ ನೋಡಿದರು.

“ಈಗೇನೂ ತೊಂದ್ರಿ ಕಾಣಸ್ತಿಲ್ರಿ. ವಾಂತಿ, ಹೊಟ್ಟಿನೋವು ಏನರ ಆದ್ರ ಕೂಡ್ಲೇ ಬರ್ರಿ.”

“ಕೂಸಿಗೆ?” ಎಂದಳು ಗೆಳತಿ.

“ನೋಡೂಣ್ರಿ. ಹೆದರಬ್ಯಾಡ್ರಿ,” ಎಂದರು ಡಾಕ್ಟರಮ್ಮ.

ನೋಡೂಣ್ರಿ ಎಂಬ ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆವು. ಔರಾದದ ಚೀಲ ಇನ್ನೂ ನನ್ನ ಹೆಗಲಲ್ಲೇ ಇತ್ತು. ತೆಗೆದು ಗೆಳತಿಯ ಮುಂದಿಟ್ಟೆ. ಎಲ್ಲಿಂದ ತಂದೆ, ಹೇಗೆ ಹುಡುಕಿದೆ ಎಂದು ಹೇಳಲು ಹೋದೆ, ಅರ್ಧಕ್ಕೇ ನಿಲ್ಲಿಸಿದೆ. ಗೆಳತಿ ಬಟ್ಟೆ ಬಿಚ್ಚಿ ಸೊಪ್ಪನ್ನು ಮಗಳಿಗೆ ತೋರಿಸಿದಳು.

“ಮಾಡ್ಲೇನು?”

“ನಕ್ಕೋ ಅಮ್ಮಿ. ಬಯಕಿ ಹೋತು,” ಎಂದಳು ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ ಗೆಳತಿ ರೊಟ್ಟಿ, ಬೆಲ್ಲ ತಂದಿಟ್ಟಳು. ಹುಡುಗಿ ಮುಟ್ಟಲಿಲ್ಲ. ನನ್ನ ಕಡೆ ನೋಡಿದಳು. “ಖಾಲಾ, ಇದು ತಿನಬಹುದೇನ್ರಿ?”

ತಿನ್ನವ್ವ ಎಂದೆ. ಚೆಂಚಲಿಯನ್ನು ಗೆಳತಿ ಹಿತ್ತಿಲಲ್ಲಿ ಕಟ್ಟಿದ್ದ ಆಡಿಗೆ ಹಾಕಿದಳು.

ಹೆರಿಗೆಯಾಗುವ ತನಕ ನಾನು ನೆಮ್ಮದಿಯಿಂದ ಉಂಡವಳಲ್ಲ. ಮೈಲೂರಿನ ಮನೆಯಲ್ಲಿ ಫೋನು ಬಾರಿಸಿದರೆ ಸಾಕು, ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಹೆಣ್ಣು ಮಗು ಹುಟ್ಟಿತು. ಕೈ ಕಾಲು ಸರಿ ಇವೆ, ಕೂಗು ಮಾತ್ರ ರಸ್ತೆಗೆ ಕೇಳುತ್ತದೆ ಎಂದು ಗೆಳತಿಯೇ ಫೋನು ಮಾಡಿ ಹೇಳಿದಳು. ಇಬ್ಬರೂ ಅತ್ತೆವು. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ಪಂಪಿನವ ಅವಳ ಕಾಲಿಗೆ ಬಿದ್ದಾಗ, ಎದ್ದೇಳಪ್ಪಾ, ನೀ ಒಳ್ಳೇದಂತ ಮಾಡ್ದಿ ಎಂದಳಂತೆ.

ಮುಂದಿನ ಮಳೆಗಾಲ ಗೆಳತಿಯ ಬದುವಿಗೆ ಹತ್ತಿದ ಕಡೆ ಒಂದು ಪಟ್ಟಿಯನ್ನು ಎಣ್ಣಿ ಹೊಡೆಸದೆ ಬಿಟ್ಟೆ. ನಾನೇ ಎದುರು ನಿಂತು, ಗೂಟ ಹೊಡೆದು, ಉಳಿದ ಹೊಲಕ್ಕೆ ಮಾತ್ರ ಹೊಡೆಸಿದೆ. ಹೊಡೆಯುವಷ್ಟನ್ನೇ ಅಳೆದು ಕಲಸಿಸಿದೆ, ಪಂಪು ತೊಳೆದ ನೀರನ್ನೂ ನನ್ನ ಸೋಯಾಕ್ಕೇ ಹೊಡೆಸಿದೆ. ಸೋಯಾದ ಇಳುವರಿ ಆ ಪಟ್ಟಿಯಲ್ಲಿ ಹೋದರೆ ಹೋಗಲಿ. ಚೆಂಚಲಿ ದಟ್ಟವಾಗಿ ಬಂತು. ಗೆಳತಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬದುವಿನ ಮೇಲೆ ಬಂದದ್ದು ಕಂಡು ಕೂಗಿದೆ.

“ಬಾರೇ! ಈ ಕಡಿ ಒಂದ ಹನಿ ಹೊಡಸಿಲ್ಲ. ನೋಡು, ಹ್ಯಾಂಗ ಬಂದದ. ಕಿತ್ಕೊಂಡು ಹೋಗು.”

ಮೊದಲಾಗಿದ್ದರೆ ಕರೆಯುವ ಮೊದಲೇ ಇಳಿದಿರುತ್ತಿದ್ದಳು. ಈಗ ಬದುವಿನ ಮೇಲೆಯೇ ನಿಂತಳು. ಸಿಟ್ಟಿಲ್ಲ, ನಗುತ್ತಲೇ ಇದ್ದಳು. ಮಗುವಿನ ಕೈ ಸೊಪ್ಪಿನ ಕಡೆ ಚಾಚಿದ್ದನ್ನು ಹಿಡಿದು ಮಡಚಿದಳು.

“ನೀ ಹೊಡಸಿಲ್ಲ, ಖರೆ ಅಕ್ಕಾ. ನೀ ಸುಳ್ಳ ಹೇಳಾಕಿ ಅಲ್ಲ. ಆದ್ರ ನೀ ಬೀದರಿಗೆ ಹೋದ ಮ್ಯಾಲ ಯಾರ ಏನ ಹೊಡದಾರ, ನಿನಗರ ಹ್ಯಾಂಗ ಗೊತ್ತು?”

ಅವಳು ಹೋದ ಮೇಲೆ ಒಂದು ಕುಡಿ ಚಿವುಟಿ ಮೂಗಿನ ಹತ್ತಿರ ಹಿಡಿದೆ. ಚೆಂಚಲಿಯ ವಾಸನೆಯೇ ಬಂತು, ಬೇರೇನೂ ಇರಲಿಲ್ಲ. ಬಸ್ಸಿನ ಹೊತ್ತಾಗಿತ್ತು. ನಾನೂ ಅದನ್ನು ಕಿತ್ತು ಮನೆಗೆ ಒಯ್ಯಲಿಲ್ಲ.